ಮುಲಾಮಿಗೆ ಬಗ್ಗದ ಕಲೆ: ಚರ್ಮರೋಗದ ವೇಷದಲ್ಲಿ ಬರುವ ಸಿಫಿಲಿಸ್ ಅನ್ನು ಗುರುತಿಸುವ ಬಗೆ

ಮೈಮೇಲೆ ಕಲೆಗಳೆದ್ದ ವ್ಯಕ್ತಿಯೊಬ್ಬರು ಮೂರನೆಯ ಬಾರಿಗೆ ಬಂದು ವೈದ್ಯರ ಮುಂದೆ ಕುಳಿತಿರುವಾಗ ಈ ಬರಹ ಬೇಕಾಗುತ್ತದೆ. ಮೊದಲ ಸಲ ಹುಳುಕಡ್ಡಿ ಎಂದು ಮುಲಾಮು ಕೊಟ್ಟಾಗಿದೆ, ಎರಡನೆಯ ಸಲ ಅಲರ್ಜಿ ಎಂದು ಮಾತ್ರೆ ಬರೆದಾಗಿದೆ. ಆದರೂ ಕಲೆಗಳು ಹಾಗೆಯೇ ಇವೆ, ಇಲ್ಲವೇ ಒಂದು ಕಡೆ ಮಾಸಿ ಇನ್ನೊಂದು ಕಡೆ ಎದ್ದಿವೆ. ಅವು ಹೆಚ್ಚಾಗಿ ತುರಿಸುವುದಿಲ್ಲ, ನೋಯುವುದಿಲ್ಲ. ರೋಗಿಗೆ ಬೇಸರ, ವೈದ್ಯರಿಗೆ ಗೊಂದಲ. ತಾಲ್ಲೂಕು ಮಟ್ಟದಲ್ಲಿ, ಸಣ್ಣ ಕ್ಲಿನಿಕ್ಕುಗಳಲ್ಲಿ ಕೆಲಸ ಮಾಡುವ ಕಿರಿಯ ವೈದ್ಯರನ್ನು ಮುಖ್ಯವಾಗಿ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಇಂಥ ಕಲೆಗಳಿಂದ ಕಂಗೆಟ್ಟಿರುವವರು ಓದಿದರೂ ಅರ್ಥವಾಗಬೇಕು ಎಂಬ ಆಸೆಯೂ ಇದೆ. ಆದರೆ ಅವರು ಇದನ್ನು ಓದಿ ತಾವೇ ಔಷಧಿ ತೆಗೆದುಕೊಳ್ಳದೆ, ಯಾವ ಪರೀಕ್ಷೆ ಮಾಡಿಸಬೇಕೆಂದು ಕೇಳಲು ಮಾತ್ರ ಬಳಸಬೇಕು.

ನಾನು ಎಡವಿದ ಒಂದು ಪ್ರಸಂಗದಿಂದಲೇ ಆರಂಭಿಸುತ್ತೇನೆ. ಮದುವೆ ಮನೆಗಳಲ್ಲಿ ಅಡುಗೆ ಕೆಲಸಕ್ಕೆ ಹೋಗುತ್ತಿದ್ದ ಮೂವತ್ತರ ಆಸುಪಾಸಿನ ಯುವಕರೊಬ್ಬರು ಅಂಗೈ ತೋರಿಸಿಕೊಂಡು ಬಂದಿದ್ದರು. ಎರಡೂ ಅಂಗೈಗಳಲ್ಲಿ ಕಡಲೆಕಾಳಿನಷ್ಟು ದೊಡ್ಡದಾದ, ಹಳೆಯ ತಾಮ್ರದ ಚೊಂಬಿನ ಬಣ್ಣದ ಚುಕ್ಕೆಗಳಿದ್ದವು. ಕೆಲವು ಚುಕ್ಕೆಗಳ ಅಂಚಿನಲ್ಲಿ ತೆಳ್ಳಗಿನ ಬಿಳಿ ಹೊಟ್ಟಿನ ಉಂಗುರವಿತ್ತು. "ಪಾತ್ರೆ ಸೋಪು ಆಗಿಬರ್ತಿಲ್ಲ ಡಾಕ್ಟ್ರೇ" ಎಂದು ಅವರೇ ಕಾರಣ ಹೇಳಿದರು. ಸರದಿಯಲ್ಲಿ ಇನ್ನೂ ನಲವತ್ತು ಜನರಿದ್ದರು. ಸೋಪಿನ ಅಲರ್ಜಿ ಎಂದು ಒಪ್ಪಿಕೊಂಡು ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟೆ. ಅಂಗಾಲು ತೋರಿಸಿ ಎಂದು ನಾನು ಕೇಳಲಿಲ್ಲ. ಮೂರು ವಾರಗಳ ನಂತರ ಅವರು ಹಿಂತಿರುಗಿದಾಗ ಚಪ್ಪಲಿ ಬಿಡಿಸಿ ನೋಡಿದೆ. ಅಂಗಾಲಿನಲ್ಲಿಯೂ ಅದೇ ಚುಕ್ಕೆಗಳಿದ್ದವು. ಪಾತ್ರೆ ಸೋಪು ಅಂಗಾಲಿಗೆ ತಾಗುವುದಿಲ್ಲ. ಅವರ ಕಥೆಗೆ ಮತ್ತೆ ಬರುತ್ತೇನೆ, ಏಕೆಂದರೆ ಎರಡನೆಯ ತಪ್ಪೊಂದು ಇನ್ನೂ ಕಾದಿತ್ತು.

ತಪ್ಪು ಹುಟ್ಟುವ ಜಾಗ

ಸಿಫಿಲಿಸ್ ತಪ್ಪಿಹೋಗಲು ಅದು ಬೇರೆ ರೋಗಗಳಂತೆ ಕಾಣುವುದಷ್ಟೇ ಕಾರಣವಲ್ಲ. ಔಷಧಿಯಿಲ್ಲದೆಯೂ ಅದರ ಲಕ್ಷಣಗಳು ತಾವಾಗಿ ಮರೆಯಾಗುತ್ತವೆ ಎಂಬುದು ಅದಕ್ಕಿಂತ ದೊಡ್ಡ ಕಾರಣ. ಟ್ರೆಪೊನೆಮಾ ಪ್ಯಾಲಿಡಮ್ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಲೈಂಗಿಕ ಸಂಪರ್ಕದಿಂದ ದೇಹವನ್ನು ಹೊಕ್ಕ ಮೇಲೆ 9ರಿಂದ 90 ದಿನಗಳೊಳಗೆ, ಸಾಮಾನ್ಯವಾಗಿ ಮೂರು ವಾರಗಳ ಸುಮಾರಿಗೆ, ಅದು ಒಳಹೊಕ್ಕ ಜಾಗದಲ್ಲಿ ಒಂದು ಹುಣ್ಣಾಗುತ್ತದೆ. ಹುಣ್ಣಿನ ಬುಡ ಗಟ್ಟಿಯಾಗಿರುತ್ತದೆ, ತಳ ಶುಭ್ರವಾಗಿರುತ್ತದೆ, ನೋವು ಇರುವುದಿಲ್ಲ ಅಥವಾ ತೀರಾ ಕಡಿಮೆ ಇರುತ್ತದೆ. ಏನೂ ಮಾಡದಿದ್ದರೂ ಮೂರರಿಂದ ಆರು ವಾರಗಳಲ್ಲಿ ಅದು ಮಾಯುತ್ತದೆ. ಹುಣ್ಣು ಗರ್ಭಕೊರಳಿನಲ್ಲೋ ಗುದದ ಒಳಗೋ ಬಾಯಿಯೊಳಗೋ ಇದ್ದರೆ ಅದು ಬಂದುಹೋದದ್ದೇ ರೋಗಿಗೆ ತಿಳಿದಿರುವುದಿಲ್ಲ. ಕೆಲವು ವಾರಗಳ ಬಳಿಕ ಎರಡನೆಯ ಹಂತದಲ್ಲಿ ಮೈತುಂಬ ಕಲೆಗಳು ಏಳುತ್ತವೆ. ಅವೂ ಕೆಲವು ವಾರ ಅಥವಾ ಕೆಲವು ತಿಂಗಳಲ್ಲಿ ತಾವಾಗಿ ಅಡಗುತ್ತವೆ. ಅಲ್ಲಿಂದ ಮುಂದೆ ರಕ್ತಪರೀಕ್ಷೆಯಲ್ಲಿ ಮಾತ್ರ ಕಾಣುವ ಸುಪ್ತ ಹಂತ ಶುರುವಾಗಿ ವರ್ಷಗಟ್ಟಲೆ ನಡೆಯುತ್ತದೆ. ಚಿಕಿತ್ಸೆಯಾಗದವರಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿನವರಿಗೆ ಮುಂದೆ ಹೃದಯದ ಮಹಾಪಧಮನಿಗೋ ಮಿದುಳಿಗೋ ಚರ್ಮ, ಮೂಳೆಗಳಿಗೋ ಹಾನಿಯಾಗುತ್ತದೆ.

ಇದರ ಪರಿಣಾಮವನ್ನು ಯೋಚಿಸಿ. ಹುಳುಕಡ್ಡಿ ಎಂದು ಕೊಟ್ಟ ಮುಲಾಮು ಹಚ್ಚುತ್ತಿರುವಾಗಲೇ ಕಲೆಗಳು ಮಾಸಿದರೆ ವೈದ್ಯರು ತಮ್ಮ ನಿರ್ಣಯ ಸರಿಯೆಂದು ನಂಬುತ್ತಾರೆ, ರೋಗಿಯೂ ಗುಣವಾಯಿತೆಂದು ನಂಬಿ ಮನೆಗೆ ಹೋಗುತ್ತಾರೆ. ಇಬ್ಬರಿಗೂ ತಪ್ಪಿನ ಸುಳಿವು ಸಿಗುವುದಿಲ್ಲ. ಆದ್ದರಿಂದ ಈ ರೋಗದ ವಿಷಯದಲ್ಲಿ "ಔಷಧಿ ಕೊಟ್ಟು ನೋಡೋಣ, ಕಡಿಮೆಯಾದರೆ ಅದೇ ರೋಗ" ಎಂಬ ದಿನನಿತ್ಯದ ತರ್ಕ ಕೆಲಸಕ್ಕೆ ಬರುವುದಿಲ್ಲ. ಕಲೆ ಹೋಯಿತು ಎಂಬುದನ್ನು ಗುಣವಾದದ್ದಕ್ಕೆ ಸಾಕ್ಷಿಯಾಗಿ ಎಂದೂ ತೆಗೆದುಕೊಳ್ಳಬಾರದು.

ಮೊದಲು ಪೂರ್ತಿ ನೋಡುವುದು

ಒಳ್ಳೆಯ ಬೆಳಕಿನಲ್ಲಿ, ಮರೆ ಇರುವ ಕೋಣೆಯಲ್ಲಿ, ಕೈಗವಸು ಹಾಕಿಕೊಂಡು ಇಡೀ ಮೈಯನ್ನು ನೋಡದೆ ಮುಂದಿನ ಯಾವ ಹೆಜ್ಜೆಗೂ ಅರ್ಥವಿಲ್ಲ. ಮಹಿಳಾ ರೋಗಿಯಾದರೆ ಜೊತೆಗೆ ಮಹಿಳಾ ಸಿಬ್ಬಂದಿ ಇರಬೇಕು. ತೋರಿಸಿದ ಜಾಗವನ್ನಷ್ಟೇ ನೋಡಿ ಚೀಟಿ ಬರೆಯುವ ಅಭ್ಯಾಸವೇ ನನ್ನನ್ನು ಮೇಲೆ ಹೇಳಿದ ಪ್ರಸಂಗದಲ್ಲಿ ಎಡವಿಸಿತು. ಅಂಗೈ ಮತ್ತು ಅಂಗಾಲು, ಬಾಯಿಯ ಒಳಭಾಗ, ನೆತ್ತಿ ಮತ್ತು ಹುಬ್ಬು, ಜನನಾಂಗ, ಗುದದ ಸುತ್ತಲಿನ ಜಾಗ, ಇವನ್ನು ಒಂದೂ ಬಿಡದೆ ನೋಡಬೇಕು. ನಂತರ ಕುತ್ತಿಗೆ, ಕಂಕುಳು, ತೊಡೆಸಂದುಗಳ ದುಗ್ಧಗ್ರಂಥಿಗಳನ್ನು ಕೈಯಿಂದ ಮುಟ್ಟಿ ಪರೀಕ್ಷಿಸಬೇಕು. ಮೊಣಕೈಯ ಒಳಬದಿಯಲ್ಲಿ, ಮೂಳೆಯ ಉಬ್ಬಿಗಿಂತ ಸ್ವಲ್ಪ ಮೇಲೆ, ಒಂದು ಗ್ರಂಥಿಯಿದೆ. ಅದು ಎರಡೂ ಕೈಗಳಲ್ಲಿ ನೋವಿಲ್ಲದೆ, ರಬ್ಬರಿನಂತೆ ಗಟ್ಟಿಯಾಗಿ ಸಿಕ್ಕರೆ ಅನುಮಾನ ಬಲವಾಗುತ್ತದೆ. ಅದನ್ನು ಹುಡುಕಲು ಬೇಕಾಗುವುದು ಹತ್ತೇ ಸೆಕೆಂಡು.

ಉಬ್ಬಿದ ಗುಳ್ಳೆಗಳಿದ್ದರೆ ಇನ್ನೊಂದು ಸರಳ ಪರೀಕ್ಷೆಯನ್ನೂ ಮಾಡಬಹುದು. ಗುಂಡುಸೂಜಿಯ ತಲೆಯಂತಹ ಮೊಂಡು ವಸ್ತುವಿನಿಂದ ಒಂದು ಗುಳ್ಳೆಯ ನಡುವೆ ನೇರವಾಗಿ ಒತ್ತಿದಾಗ, ಅದುವರೆಗೆ ಏನೂ ನೋವಿಲ್ಲ ಎನ್ನುತ್ತಿದ್ದವರು ಚುಳ್ಳೆಂದು ಕೈ ಎಳೆದುಕೊಂಡರೆ ಅದು ಸಿಫಿಲಿಸ್‌ನ ಸೂಚನೆಯಾಗಿರಬಹುದು. ಇದನ್ನು ಬುಶ್ಕೆ-ಓಲೆಂಡಾರ್ಫ್ ಚಿಹ್ನೆ ಎನ್ನುತ್ತಾರೆ. ಅದು ಇಲ್ಲದಿದ್ದರೆ ರೋಗವಿಲ್ಲ ಎಂದೇನೂ ಅರ್ಥವಲ್ಲ.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಪಠ್ಯಪುಸ್ತಕಗಳಲ್ಲಿ ಬರುವ ಗುಲಾಬಿ, ತಾಮ್ರಗೆಂಪು ಎಂಬ ವರ್ಣನೆಗಳು ಹೆಚ್ಚಾಗಿ ಬಿಳಿ ಚರ್ಮವನ್ನು ನೋಡಿ ಬರೆದವು. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಚರ್ಮದಲ್ಲಿ ಮೈಮೇಲಿನ ಕಲೆಗಳು ಕಂದು ಅಥವಾ ಬೂದುಗಪ್ಪಾಗಿ ಕಾಣುತ್ತವೆ, ಕೆಲವೊಮ್ಮೆ ಕಣ್ಣಿಗೇ ಬೀಳುವುದಿಲ್ಲ. ಅಂಗೈ ಅಂಗಾಲುಗಳಲ್ಲಿ ವರ್ಣದ್ರವ್ಯ ಕಡಿಮೆಯಿರುವುದರಿಂದ ಅಲ್ಲಿ ನಿಜವಾದ ಬಣ್ಣ ತಿಳಿಯುತ್ತದೆ. ತುರಿಕೆ ಇರುವುದಿಲ್ಲ ಎಂಬ ನಿಯಮವನ್ನೂ ಕಣ್ಣುಮುಚ್ಚಿ ನಂಬಬೇಡಿ. ಕೆಲವರಲ್ಲಿ, ವಿಶೇಷವಾಗಿ ಕಪ್ಪು ಚರ್ಮದವರಲ್ಲಿ, ತುರಿಕೆ ಇರುತ್ತದೆ.

ಕೇಳುವ ರೀತಿ

ಜೊತೆಗೆ ಬಂದವರನ್ನು ಹೊರಗೆ ಕೂರಿಸಿ ಮಾತಾಡಿಸುವುದು ಅತ್ಯಗತ್ಯ. ಅತ್ತೆಯ ಮುಂದೆ ಸೊಸೆಯಾಗಲಿ ಅಣ್ಣನ ಮುಂದೆ ತಮ್ಮನಾಗಲಿ ಬಾಯಿ ಬಿಡುವುದಿಲ್ಲ. "ಜನನಾಂಗದಲ್ಲಿ ಹುಣ್ಣಾಗಿತ್ತೇ" ಎಂದು ಪುಸ್ತಕದ ಭಾಷೆಯಲ್ಲಿ ಕೇಳಿದರೆ ಇಲ್ಲವೆಂಬ ಉತ್ತರ ಬರುವುದೇ ಹೆಚ್ಚು. "ಎರಡು ಮೂರು ತಿಂಗಳ ಹಿಂದೆ ಕೆಳಗಡೆ ಉಷ್ಣಕ್ಕೆ ಗುಳ್ಳೆಯೋ ಗಾಯವೋ ಆಗಿ ತಾನಾಗಿ ಹೋಗಿತ್ತಾ" ಎಂದು ಕೇಳಿದರೆ ಹೌದು ಎನ್ನುವವರು ಬಹಳ ಜನ. ನಮ್ಮ ಜನ ಇಂಥದ್ದನ್ನೆಲ್ಲ ಉಷ್ಣ ಎಂದೇ ಕರೆಯುತ್ತಾರೆ, ಎಳನೀರು ಕುಡಿದು ಕಡಿಮೆಯಾಯಿತು ಎನ್ನುತ್ತಾರೆ. ಹಿಂದಿನವರು ಇದಕ್ಕೆ ಪರಂಗಿ ರೋಗ ಎಂಬ ಹೆಸರಿಟ್ಟಿದ್ದರು. 16ನೆಯ ಶತಮಾನದ ಭಾವಮಿಶ್ರರ ಆಯುರ್ವೇದ ಗ್ರಂಥದಲ್ಲಿ ಇದು ಫಿರಂಗ ರೋಗವೆಂದು ಬರುತ್ತದೆ, ಪೋರ್ಚುಗೀಸರ ಜೊತೆ ಬಂದದ್ದು ಎಂಬ ನಂಬಿಕೆ ಆ ಹೆಸರಿನಲ್ಲೇ ಇದೆ. ಗ್ರಂಧಿಗೆ ಅಂಗಡಿಯಲ್ಲಿ ಇಂದಿಗೂ ಸಿಗುವ ಪರಂಗಿ ಚಕ್ಕೆಯನ್ನು ಈ ರೋಗಕ್ಕೇ ಕೊಡುತ್ತಿದ್ದರು. ಊರಿಗೂರು ಪರರ ಹೆಸರನ್ನು ಅಂಟಿಸಿದ ಈ ರೋಗದ ಬಗ್ಗೆ ನಾಚಿಕೆ ಎಷ್ಟು ಹಳೆಯದೆಂದು ಇದರಿಂದ ತಿಳಿಯುತ್ತದೆ. ಆ ನಾಚಿಕೆಯನ್ನು ನಮ್ಮ ಮುಖಭಾವದಿಂದ ಹೆಚ್ಚಿಸಬಾರದು. ಗಂಡಸಿನ ಸಂಗಾತಿ ಗಂಡಸಾಗಿರಬಹುದು ಎಂಬ ಸಾಧ್ಯತೆಯನ್ನೂ ನಮ್ಮ ಪ್ರಶ್ನೆಯಲ್ಲೇ ಸಹಜವಾಗಿ ಸೇರಿಸಿದರೆ, ಬಾಯಿ ಮತ್ತು ಗುದದ ಹುಣ್ಣಿನ ವಿಷಯ ತಾನಾಗಿ ಹೊರಬರುತ್ತದೆ.

ಏನೂ ಹೇಳದಿದ್ದರೂ ಪರೀಕ್ಷೆಯನ್ನು ಕೈಬಿಡಬೇಡಿ. ಹೇಳಿಕೆ ಇಲ್ಲದಿರುವುದು ರೋಗವಿಲ್ಲ ಎಂಬುದಕ್ಕೆ ಆಧಾರವಲ್ಲ. ಗಂಡನಿಂದ ಸೋಂಕು ತಗುಲಿದ ಹೆಣ್ಣುಮಗಳಿಗೆ ಹೇಳಲು ಏನೂ ಇರುವುದೇ ಇಲ್ಲ.

ಯಾವುದರ ವೇಷ, ಎಲ್ಲಿ ಬೇರ್ಪಡುತ್ತದೆ

ಅತಿ ಹೆಚ್ಚು ಗೊಂದಲ ಹುಟ್ಟಿಸುವುದು ಪಿಟಿರಿಯಾಸಿಸ್ ರೋಸಿಯಾ. ಎರಡರಲ್ಲೂ ಎದೆ, ಬೆನ್ನುಗಳ ಮೇಲೆ ಅಂಡಾಕಾರದ, ಅಂಚಿನಲ್ಲಿ ಹೊಟ್ಟೇಳುವ ಕಲೆಗಳಿರುತ್ತವೆ. ಎರಡೂ ಕೆಲವು ವಾರಗಳಲ್ಲಿ ತಾವಾಗಿ ಹೋಗುತ್ತವೆ. ರೋಸಿಯಾದಲ್ಲಿ ಸಾಮಾನ್ಯವಾಗಿ ಮೊದಲು ಒಂದು ದೊಡ್ಡ ತಾಯಿಕಲೆ ಎದ್ದು, ವಾರ ಎರಡು ವಾರದ ಮೇಲೆ ಮರಿಕಲೆಗಳು ಬರುತ್ತವೆ. ಅವು ಪಕ್ಕೆಲುಬಿನ ಗುಂಟ ಓರೆಯಾಗಿ ಸಾಲುಗಟ್ಟುತ್ತವೆ. ಅಂಗೈ, ಅಂಗಾಲು, ಬಾಯಿ ಹೆಚ್ಚಾಗಿ ಬಿಟ್ಟಿರುತ್ತವೆ, ಗ್ರಂಥಿಗಳು ಎಲ್ಲೆಡೆ ಊದಿರುವುದಿಲ್ಲ. ಇಷ್ಟೆಲ್ಲ ವ್ಯತ್ಯಾಸ ತಿಳಿದಿದ್ದರೂ ತಾಯಿಕಲೆ ಕಾಣದ ರೋಸಿಯಾವೂ ಅಂಗೈ ಬಿಟ್ಟ ಸಿಫಿಲಿಸ್ಸೂ ಇರುತ್ತವೆ. ಹಾಗಾಗಿ ಲೈಂಗಿಕ ಸಂಪರ್ಕವಿರುವ ವಯಸ್ಸಿನವರಲ್ಲಿ ಪಿಟಿರಿಯಾಸಿಸ್ ರೋಸಿಯಾ ಎಂದು ಬರೆಯುವ ಪ್ರತಿ ಚೀಟಿಯಲ್ಲಿಯೂ ಸಿಫಿಲಿಸ್‌ನ ರಕ್ತಪರೀಕ್ಷೆಯಾದ ವಿಡಿಆರ್‌ಎಲ್ ಎಂದೂ ಬರೆಯಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಆ ಪರೀಕ್ಷೆಯ ಖರ್ಚು ಒಂದು ಟ್ಯೂಬ್ ಮುಲಾಮಿಗಿಂತ ಹೆಚ್ಚೇನೂ ಅಲ್ಲ.

ಹುಳುಕಡ್ಡಿಯಾದರೆ ಉಂಗುರದ ಅಂಚು ಚುರುಕಾಗಿ, ತುರಿಕೆ ವಿಪರೀತವಾಗಿ, ಕಲೆಗಳು ಎರಡೂ ಕಡೆ ಸಮನಾಗಿರದೆ ಇರುತ್ತವೆ. ಅಂಚಿನ ಹೊಟ್ಟನ್ನು ಕೆರೆದು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಶಿಲೀಂಧ್ರದ ಎಳೆಗಳು ಕಾಣುತ್ತವೆ. ನಮ್ಮಲ್ಲಿ ಸಮಸ್ಯೆಯನ್ನು ಜಟಿಲಗೊಳಿಸಿರುವುದು ಮೆಡಿಕಲ್ ಅಂಗಡಿಯಲ್ಲಿ ಕೇಳಿದವರಿಗೆಲ್ಲ ಸಿಗುವ, ಸ್ಟೀರಾಯ್ಡ್, ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್ ಮೂರನ್ನೂ ಬೆರೆಸಿದ ಮುಲಾಮುಗಳು. ಅವನ್ನು ತಿಂಗಳುಗಟ್ಟಲೆ ಹಚ್ಚಿದವರ ಚರ್ಮದಲ್ಲಿ ಯಾವ ರೋಗವೂ ತನ್ನ ನಿಜರೂಪದಲ್ಲಿ ಉಳಿದಿರುವುದಿಲ್ಲ. ಹಾಗೆಯೇ ಗಂಟಲು ನೋವಿಗೆಂದೋ ಮೊಡವೆಗೆಂದೋ ನುಂಗಿದ ಆ್ಯಂಟಿಬಯಾಟಿಕ್ ಕೂಡ ಸಿಫಿಲಿಸ್ ಅನ್ನು ಗುಣಪಡಿಸದೆ ಅದರ ಚಿತ್ರವನ್ನು ಮಸುಕು ಮಾಡಬಹುದು. ಹಚ್ಚಿದ ಟ್ಯೂಬು, ನುಂಗಿದ ಮಾತ್ರೆಯ ಹಾಳೆ ಎಲ್ಲವನ್ನೂ ತರಲು ಹೇಳಿ ನೋಡಬೇಕು.

ಸೋರಿಯಾಸಿಸ್ ಆದರೆ ಅಂಗೈ ಅಂಗಾಲುಗಳಲ್ಲಿ ದಪ್ಪ ಪದರದ ಹೊಟ್ಟು, ಸೀಳು. ಜೊತೆಗೆ ಮೊಣಕೈ, ಮೊಣಕಾಲು, ನೆತ್ತಿಯಲ್ಲಿ ಬೆಳ್ಳಿಬಣ್ಣದ ಹೊಟ್ಟು, ಉಗುರಿನಲ್ಲಿ ಸಣ್ಣ ಸಣ್ಣ ಕುಳಿಗಳು ಇರುತ್ತವೆ. ಲೈಕೆನ್ ಪ್ಲೇನಸ್ ಆದರೆ ನೇರಳೆ ಬಣ್ಣ, ಚಪ್ಪಟೆ ತಲೆ, ಹೆಚ್ಚು ತುರಿಕೆ ಮತ್ತು ಕೆನ್ನೆಯ ಒಳಗೆ ಬಿಳಿ ಬಲೆಯಂಥ ಗೆರೆಗಳಿರುತ್ತವೆ. ಸಿಫಿಲಿಸ್‌ನಲ್ಲಿ ಬಾಯಿಯೊಳಗೆ ಬಲೆಯ ಬದಲು ಬೂದುಬಿಳಿ ಪೊರೆ ಮುಚ್ಚಿದ, ನೋವಿಲ್ಲದ ಪಟ್ಟೆಗಳಿದ್ದು, ಒಂದಕ್ಕೊಂದು ಸೇರಿದಾಗ ಬಸವನಹುಳು ಹರಿದ ಜಾಡಿನಂತೆ ಕಾಣುತ್ತವೆ. ಔಷಧಿಯ ಅಲರ್ಜಿಯಿಂದ ಎದ್ದ ಗಂಧೆಗಳಿಗೆ ಔಷಧಿ ಆರಂಭಿಸಿದ ದಿನಾಂಕದ ಲೆಕ್ಕ ತಾಳೆಯಾಗಬೇಕು. ಕಜ್ಜಿಗೆ ರಾತ್ರಿಯ ತುರಿಕೆ ಮತ್ತು ಮನೆಮಂದಿಯ ತುರಿಕೆ ಸಾಕ್ಷಿ.

ನಮ್ಮ ರಾಜ್ಯದಲ್ಲಿ ಹೆಚ್ಚು ಸಮಯ ಕೊಟ್ಟು ಬೇರ್ಪಡಿಸಬೇಕಾದದ್ದು ಕುಷ್ಠ. ಚರ್ಮ, ಲೈಂಗಿಕ ರೋಗ, ಕುಷ್ಠ ಈ ಮೂರನ್ನೂ ನಮ್ಮ ದೇಶದಲ್ಲಿ ಒಂದೇ ಸ್ನಾತಕೋತ್ತರ ಪದವಿಯಲ್ಲಿ ಕಲಿಸುವುದರ ಬೆಲೆ ತಿಳಿಯುವುದು ಇಂಥಲ್ಲಿ. ಬಹುಬ್ಯಾಕ್ಟೀರಿಯಾ ಬಗೆಯ ಕುಷ್ಠದಲ್ಲಿಯೂ ತುರಿಕೆಯಿಲ್ಲದ, ಎರಡೂ ಕಡೆ ಸಮನಾಗಿ ಹರಡಿದ ಕಲೆಗಳಿರುತ್ತವೆ, ಗಂಟುಗಳೇಳುತ್ತವೆ, ಹುಬ್ಬಿನ ಕೂದಲು ಉದುರುತ್ತದೆ. ಇವೆಲ್ಲವೂ ಸಿಫಿಲಿಸ್‌ನಲ್ಲಿಯೂ ಉಂಟು. ಕಣ್ಣು ಮುಚ್ಚಿಸಿ ಹತ್ತಿಯ ಎಳೆಯಿಂದ ಕಲೆಯ ಮೇಲೂ ಅದರ ಪಕ್ಕದ ಒಳ್ಳೆಯ ಚರ್ಮದ ಮೇಲೂ ಮುಟ್ಟಿ, ಎಲ್ಲಿ ಮುಟ್ಟಿದೆ ಎಂದು ಬೆರಳಿಟ್ಟು ತೋರಿಸಲು ಹೇಳಬೇಕು. ಮೊಣಕೈಯ ಹಿಂದೆ, ಮೊಣಕಾಲಿನ ಹೊರಬದಿಯಲ್ಲಿ ನರಗಳು ಹಗ್ಗದಂತೆ ದಪ್ಪಗಾಗಿವೆಯೇ ಎಂದು ಎರಡೂ ಕಡೆ ಹೋಲಿಸಿ ನೋಡಬೇಕು. ಬಹುಬ್ಯಾಕ್ಟೀರಿಯಾ ಬಗೆಯಲ್ಲಿ ಆರಂಭದ ಕಲೆಗಳಲ್ಲಿ ಸ್ಪರ್ಶಜ್ಞಾನ ಉಳಿದಿರಬಹುದಾದ್ದರಿಂದ ಕಿವಿಯ ಹಾಲೆಯಿಂದ ಚರ್ಮದ ಸೀಳುಲೇಪ ತೆಗೆದು ಬ್ಯಾಕ್ಟೀರಿಯಾ ಹುಡುಕುವುದು ಖಚಿತ ದಾರಿ. ಇಲ್ಲೊಂದು ಸುಳಿಯಿದೆ: ಈ ಬಗೆಯ ಕುಷ್ಠದಲ್ಲಿ ವಿಡಿಆರ್‌ಎಲ್ ಪರೀಕ್ಷೆಯೇ ಸುಳ್ಳು ಪಾಸಿಟಿವ್ ಬರಬಹುದು. ಒಂದು ಕಾಗದವನ್ನು ನೋಡಿ ಸಿಫಿಲಿಸ್ ಎಂದು ತೀರ್ಮಾನಿಸಿದರೆ ಕುಷ್ಠ ಉಳಿದು ನರಗಳು ಹಾಳಾಗುತ್ತವೆ. ಕುಷ್ಠವೆಂದು ಹೇಳಿ ಬಿಟ್ಟರೆ ಸಿಫಿಲಿಸ್ ಉಳಿಯುತ್ತದೆ. ಟಿಪಿಎಚ್‌ಎ ಎಂಬ, ಸಿಫಿಲಿಸ್ ಬ್ಯಾಕ್ಟೀರಿಯಾವನ್ನೇ ಗುರಿಯಾಗಿಟ್ಟ ರಕ್ತಪರೀಕ್ಷೆಯನ್ನು ಸೇರಿಸಿದಾಗ ಮಾತ್ರ ಈ ಗಂಟು ಬಿಚ್ಚುತ್ತದೆ.

ತಲೆಯಲ್ಲಿ ಹುಳು ತಿಂದಂತೆ ಅಲ್ಲಲ್ಲಿ ಅರೆಬರೆ ಕೂದಲು ಉದುರಿದ್ದರೆ ಸಿಫಿಲಿಸ್ ನೆನಪಾಗಬೇಕು. ಅಲೊಪೇಸಿಯಾ ಏರಿಯೇಟಾದಲ್ಲಿ ತೇಪೆ ದುಂಡಗೆ, ನುಣ್ಣಗೆ, ಪೂರ್ತಿ ಬೋಳಾಗಿರುತ್ತದೆ. ಗುದದ ಸುತ್ತ ಅಥವಾ ಯೋನಿಯ ಹೊರಭಾಗದಲ್ಲಿ ಅಗಲ ಬುಡದ, ಚಪ್ಪಟೆಯಾದ, ತೇವದ, ಬೂದುಬಿಳಿ ಉಬ್ಬುಗಳಿದ್ದರೆ ಅವನ್ನು ನರುಲಿಯೆಂದು ಸುಟ್ಟುಹಾಕುವ, ಮೂಲವ್ಯಾಧಿಯೆಂದು ಶಸ್ತ್ರಚಿಕಿತ್ಸೆಗೆ ಕಳಿಸುವ ಮೊದಲು ರಕ್ತಪರೀಕ್ಷೆ ಆಗಲೇಬೇಕು. ವೈರಸ್ಸಿನ ನರುಲಿ ಹೂಕೋಸಿನಂತೆ ಮೊನಚು ಮೊನಚಾಗಿರುತ್ತದೆ. ಆ ತೇವದ ಉಬ್ಬುಗಳು ಮತ್ತು ಬಾಯಿಯ ಪಟ್ಟೆಗಳು ಅತ್ಯಂತ ಸಾಂಕ್ರಾಮಿಕ, ಕೈಗವಸಿಲ್ಲದೆ ಮುಟ್ಟಬಾರದು.

ಮೊದಲ ಹಂತದ ಹುಣ್ಣಿನಲ್ಲಿಯೂ ಇದೇ ಗೋಜಲಿದೆ. ಹರ್ಪಿಸ್ ಆದರೆ ಗುಂಪು ಗುಂಪಾದ ನೀರುಗುಳ್ಳೆ ಒಡೆದು ಉರಿಯುವ ಹುಣ್ಣಾಗುತ್ತದೆ ಮತ್ತು ಮರುಕಳಿಸುತ್ತದೆ. ಶಾಂಕ್ರಾಯ್ಡ್ ಆದರೆ ಬುಡ ಮೆತ್ತಗೆ, ತುಂಬ ನೋವು. ಡೋನೊವನೋಸಿಸ್ ಆದರೆ ಮುಟ್ಟಿದರೆ ರಕ್ತ ಒಸರುವ ಕೆಂಪು ಮಾಂಸದಂಥ ಹುಣ್ಣು. ನೋವಿನ ಮಾತ್ರೆ, ಸಲ್ಫಾ ಮಾತ್ರೆ ನುಂಗಿದ ಪ್ರತಿ ಸಲ ಅದೇ ಜಾಗದಲ್ಲಿ ಕಪ್ಪಾಗಿ ಹುಣ್ಣಾಗುತ್ತಿದ್ದರೆ ಅದು ಔಷಧಿಯದೇ ಕೆಲಸ. ಆದರೆ ಒಂದೇ ಹುಣ್ಣಿನಲ್ಲಿ ಎರಡು ರೋಗ ಇರುವುದುಂಟು, ಮತ್ತು ಮೇಲಿಂದ ಕೀವಾದ ಸಿಫಿಲಿಸ್ ಹುಣ್ಣು ನೋಯುವುದೂ ಉಂಟು.

ಪರೀಕ್ಷೆಯ ಕಾಗದ ಏನು ಹೇಳುತ್ತದೆ, ಏನು ಹೇಳುವುದಿಲ್ಲ

1905ರಲ್ಲಿ ಬರ್ಲಿನ್ನಿನಲ್ಲಿ ಶೌಡಿನ್ ಮತ್ತು ಹಾಫ್‌ಮನ್ ಈ ಬ್ಯಾಕ್ಟೀರಿಯಾವನ್ನು ಗುರುತಿಸಿದರು. ಮರುವರ್ಷವೇ ವಾಸರ್‌ಮನ್ ರಕ್ತಪರೀಕ್ಷೆ ಬಂತು. ಇಂದು ಬಳಕೆಯಲ್ಲಿರುವ ಪರೀಕ್ಷೆಗಳು ಎರಡು ಗುಂಪಿನವು. ವಿಡಿಆರ್‌ಎಲ್ ಮತ್ತು ಆರ್‌ಪಿಆರ್ ಪರೀಕ್ಷೆಗಳು ಬ್ಯಾಕ್ಟೀರಿಯಾವನ್ನು ನೇರವಾಗಿ ಹುಡುಕುವುದಿಲ್ಲ. ಕಾರ್ಡಿಯೋಲಿಪಿನ್ ಎಂಬ ಕೊಬ್ಬಿನ ವಿರುದ್ಧ ದೇಹದಲ್ಲಿ ಹುಟ್ಟಿದ ಪ್ರತಿಕಾಯವನ್ನು ಅಳೆಯುತ್ತವೆ. ಇವುಗಳ ಪ್ರಮಾಣ ರೋಗದ ಚಟುವಟಿಕೆಯೊಂದಿಗೆ ಏರಿಳಿಯುತ್ತದೆ. ಟಿಪಿಎಚ್‌ಎ ಮುಂತಾದವು ಬ್ಯಾಕ್ಟೀರಿಯಾದ ವಿರುದ್ಧವೇ ಹುಟ್ಟಿದ ಪ್ರತಿಕಾಯವನ್ನು ಹುಡುಕುತ್ತವೆ. ಒಮ್ಮೆ ಪಾಸಿಟಿವ್ ಆದರೆ, ಚಿಕಿತ್ಸೆ ಮುಗಿದರೂ, ಬಹುತೇಕ ಜೀವನಪೂರ್ತಿ ಹಾಗೆಯೇ ಉಳಿಯುತ್ತವೆ. ಬೆರಳಿಗೆ ಚುಚ್ಚಿ ಮಾಡುವ ಪಟ್ಟಿ ಪರೀಕ್ಷೆಗಳಲ್ಲಿ ಹೆಚ್ಚಿನವು ಈ ಎರಡನೆಯ ಗುಂಪಿನವು. ಆದ್ದರಿಂದ ಒಂದು ಗುಂಪಿನ ಪರೀಕ್ಷೆ ಇನ್ನೊಂದಕ್ಕೆ ಬದಲಿಯಲ್ಲ, ಎರಡೂ ಬೇಕು.

ಎರಡೂ ಪಾಸಿಟಿವ್ ಇದ್ದು, ಹಿಂದೆ ಸರಿಯಾದ ಚಿಕಿತ್ಸೆಯಾದ ದಾಖಲೆ ಇಲ್ಲದಿದ್ದರೆ ಸಿಫಿಲಿಸ್ ಎಂದೇ ನಡೆಯಬೇಕು. ವಿಡಿಆರ್‌ಎಲ್ ಮಾತ್ರ ಪಾಸಿಟಿವ್, ಟಿಪಿಎಚ್‌ಎ ನೆಗೆಟಿವ್ ಆದರೆ ಸುಳ್ಳು ಪಾಸಿಟಿವ್ ಎಂದು ಯೋಚಿಸಿ ಗರ್ಭಾವಸ್ಥೆ, ಲೂಪಸ್, ಮಲೇರಿಯಾ, ಕುಷ್ಠ, ಇಳಿವಯಸ್ಸು ಇವುಗಳ ಕಡೆ ನೋಡಬೇಕು. ಇಂಥವುಗಳಲ್ಲಿ ಪ್ರಮಾಣ, ಅಂದರೆ ಸೀರಮ್ ಅನ್ನು ಎಷ್ಟರಷ್ಟು ತೆಳು ಮಾಡಿದರೂ ಪರೀಕ್ಷೆ ಪಾಸಿಟಿವ್ ಬರುತ್ತದೆ ಎಂಬ ಲೆಕ್ಕ, ಸಾಮಾನ್ಯವಾಗಿ 1:8ಕ್ಕಿಂತ ಕೆಳಗೇ ಇರುತ್ತದೆ. ಟಿಪಿಎಚ್‌ಎ ಮಾತ್ರ ಪಾಸಿಟಿವ್ ಆದರೆ ಹಳೆಯ, ಗುಣವಾದ ಸೋಂಕೂ ಇರಬಹುದು, ತೀರಾ ಹೊಸದೂ ಇರಬಹುದು, ಚಿಕಿತ್ಸೆಯಾಗದ ಬಹಳ ಹಿಂದಿನದೂ ಇರಬಹುದು.

ಎರಡೂ ನೆಗೆಟಿವ್ ಬಂದಾಗಲೇ ಹೆಚ್ಚು ಜನ ಎಡವುವುದು. ಹುಣ್ಣು ಎದ್ದ ಮೊದಲ ಒಂದೆರಡು ವಾರಗಳಲ್ಲಿ ಪ್ರತಿಕಾಯ ಇನ್ನೂ ಹುಟ್ಟಿರುವುದಿಲ್ಲ. ಹುಣ್ಣಿನ ರೂಪ ಅನುಮಾನ ಹುಟ್ಟಿಸುತ್ತಿದ್ದರೆ, ಸೌಲಭ್ಯವಿರುವ ಕಡೆ ಅದರ ಒಸರನ್ನು ಕತ್ತಲುಹಿನ್ನೆಲೆಯ ಸೂಕ್ಷ್ಮದರ್ಶಕದಲ್ಲಿ ನೋಡಿಸಬೇಕು. ಬಾಯಿಯ ಹುಣ್ಣಿಗೆ ಇದು ನಡೆಯುವುದಿಲ್ಲ, ಏಕೆಂದರೆ ಅಲ್ಲಿ ಸಹಜವಾಗಿಯೇ ಇರುವ ಬೇರೆ ಸುರುಳಿ ಬ್ಯಾಕ್ಟೀರಿಯಾಗಳು ಹಾಗೇ ಕಾಣುತ್ತವೆ. ಸೌಲಭ್ಯವಿಲ್ಲದಿದ್ದರೆ ಚಿಕಿತ್ಸೆಯನ್ನು ತಡೆಯದೆ, ಎರಡರಿಂದ ನಾಲ್ಕು ವಾರಗಳ ನಂತರ ರಕ್ತವನ್ನು ಮತ್ತೆ ಪರೀಕ್ಷಿಸಬೇಕು.

ಮೈತುಂಬ ಕಲೆಗಳಿದ್ದೂ ವಿಡಿಆರ್‌ಎಲ್ ನೆಗೆಟಿವ್ ಬಂದರೆ ಕಾರಣ ಬೇರೆಯೇ ಇರಬಹುದು. ಅಡುಗೆಯ ಯುವಕರ ಕಥೆಯಲ್ಲಿ ಆದದ್ದು ಇದೇ. ಅಂಗಾಲು ನೋಡಿದ ದಿನ ಕಳಿಸಿದ ರಕ್ತದ ವರದಿ ನೆಗೆಟಿವ್ ಎಂದು ಬಂದಿತ್ತು. ಕಣ್ಣೆದುರಿಗೆ ಇದ್ದ ಚಿತ್ರಕ್ಕೂ ಕಾಗದಕ್ಕೂ ಹೊಂದಿಕೆ ಇರಲಿಲ್ಲ. ನಾನು ಪ್ರಯೋಗಾಲಯಕ್ಕೇ ಹೋಗಿ ತಂತ್ರಜ್ಞರ ಪಕ್ಕದಲ್ಲಿ ನಿಂತೆ. ಸೀರಮ್ ಅನ್ನು 56 ಡಿಗ್ರಿಯಲ್ಲಿ ಅರ್ಧ ಗಂಟೆ ಬಿಸಿ ಮಾಡಿ, ಗಾಜಿನ ಫಲಕದ ಬಳೆಯೊಳಗೆ ಒಂದು ಹನಿ ಬಿಟ್ಟು, ಆ್ಯಂಟಿಜನ್ ಸೇರಿಸಿ ಯಂತ್ರದ ಮೇಲೆ ನಾಲ್ಕು ನಿಮಿಷ ತಿರುಗಿಸಿದರು. ಸೂಕ್ಷ್ಮದರ್ಶಕದಲ್ಲಿ ಕಣಗಳೆಲ್ಲ ಬಿಡಿಬಿಡಿಯಾಗಿ ತೇಲುತ್ತಿದ್ದವು, ಮೇಲ್ನೋಟಕ್ಕೆ ನೆಗೆಟಿವ್. ಅದೇ ಸೀರಮ್ ಅನ್ನು ಉಪ್ಪುನೀರಿನಲ್ಲಿ ಎರಡರಷ್ಟು, ನಾಲ್ಕರಷ್ಟು, ಎಂಟರಷ್ಟು, ಹದಿನಾರರಷ್ಟು ತೆಳು ಮಾಡುತ್ತ ಹೋದರೆ, ಎಂಟರ ಬಳೆಯಲ್ಲಿ ಕಣಗಳು ಒಂದಕ್ಕೊಂದು ಅಂಟಿ ಮೊಸರೊಡೆದಂತೆ ಗಡ್ಡೆಗಟ್ಟಿದ್ದವು. ಆ ಗಡ್ಡೆಗಳು 1:128ರವರೆಗೂ ಕಾಣಿಸಿದವು. ಪ್ರತಿಕಾಯ ಅತಿಯಾದಾಗ ಅದು ಕಣಗಳನ್ನು ಒಂದೊಂದಾಗಿ ಸುತ್ತುವರಿದು, ಒಂದಕ್ಕೊಂದು ಹೆಣೆದುಕೊಳ್ಳಲು ಬಿಡುವುದಿಲ್ಲ. ತೆಳು ಮಾಡಿದಾಗಲಷ್ಟೇ ಹೆಣಿಗೆ ಸಾಧ್ಯವಾಗುತ್ತದೆ. ಇದಕ್ಕೆ ಪ್ರೋಜೋನ್ ಎನ್ನುತ್ತಾರೆ. ಅಪರೂಪವಾದರೂ ಎರಡನೆಯ ಹಂತದಲ್ಲಿ, ಗರ್ಭಿಣಿಯರಲ್ಲಿ, ಎಚ್‌ಐವಿ ಇರುವವರಲ್ಲಿ ಕಂಡುಬರುತ್ತದೆ, ಅಂದರೆ ತಪ್ಪಿಸಿಕೊಳ್ಳಬಾರದವರಲ್ಲೇ ತಪ್ಪಿಸಿಕೊಳ್ಳುತ್ತದೆ. ಅಂದಿನಿಂದ ನನ್ನ ಚೀಟಿಯಲ್ಲಿ ಬರಿದೆ ವಿಡಿಆರ್‌ಎಲ್ ಎಂದು ಬರೆಯುವುದಿಲ್ಲ. "ಎರಡನೆಯ ಹಂತದ ಅನುಮಾನವಿದೆ, ದಯವಿಟ್ಟು ಸೀರಮ್ ತೆಳು ಮಾಡಿಯೂ ನೋಡಿ, ಪ್ರಮಾಣ ತಿಳಿಸಿ" ಎಂದು ಬರೆಯುತ್ತೇನೆ. ಯಾವ ತಂತ್ರಜ್ಞರೂ ಬೇಸರ ಮಾಡಿಕೊಂಡದ್ದಿಲ್ಲ; ಅನುಮಾನವೇನೆಂದು ಅವರಿಗೆ ತಿಳಿಸದೆ ಇರುವುದು ನಮ್ಮದೇ ಲೋಪ.

ಇಷ್ಟಾದರೂ ತೀರ್ಮಾನವಾಗದಿದ್ದರೆ ಕಲೆಯ ತುಣುಕು ತೆಗೆದು ಬಯಾಪ್ಸಿಗೆ ಕಳಿಸಬೇಕು. ರಕ್ತನಾಳಗಳ ಒಳಪದರ ಊದಿ, ಸುತ್ತ ಪ್ಲಾಸ್ಮಾ ಕೋಶಗಳು ನೆರೆದಿದ್ದರೆ ದಾರಿ ಸಿಕ್ಕಂತೆ. ಇಲ್ಲಿಯೂ ಸಿಫಿಲಿಸ್ ಅನುಮಾನವನ್ನು ಚೀಟಿಯಲ್ಲಿ ಬರೆದರೆ ಮಾತ್ರ ರೋಗಶಾಸ್ತ್ರಜ್ಞರು ವಿಶೇಷ ಬಣ್ಣ ಹಾಕಿ ಹುಡುಕುತ್ತಾರೆ. ವರ್ಷಗಳ ಮೇಲೆ ಬರುವ ಗಮ್ಮಾ ಎಂಬ ಗಂಟು ಚರ್ಮದ ಕ್ಷಯದಂತೆಯೇ ಕಾಣುವುದರಿಂದ ಅಲ್ಲಿ ಬಯಾಪ್ಸಿ ಬಿಟ್ಟು ಬೇರೆ ದಾರಿಯಿಲ್ಲ.

ಕಾಯಬಾರದ ಸಂದರ್ಭಗಳು

ಕಲೆಗಳ ಜೊತೆಗೆ ದೃಷ್ಟಿ ಮಸುಕಾಗಿದ್ದರೆ, ಕಣ್ಣು ಕೆಂಪಾಗಿ ನೋಯುತ್ತಿದ್ದರೆ, ಕಿವಿ ಹಠಾತ್ತನೆ ಮಂದವಾಗಿದ್ದರೆ, ಬಿಡದ ತಲೆನೋವಿದ್ದರೆ ಅಥವಾ ಮುಖದ ಒಂದು ಬದಿ ಸೋತಿದ್ದರೆ ಸೋಂಕು ನರವ್ಯೂಹವನ್ನು ಮುಟ್ಟಿರಬಹುದು; ಅಂಥವರನ್ನು ಅದೇ ದಿನ ದೊಡ್ಡಾಸ್ಪತ್ರೆಗೆ ಕಳಿಸಬೇಕು, ಏಕೆಂದರೆ ಅವರಿಗೆ ಬೆನ್ನುಹುರಿಯ ದ್ರವದ ಪರೀಕ್ಷೆ ಮತ್ತು ರಕ್ತನಾಳದ ಮೂಲಕ ಪೆನಿಸಿಲಿನ್ ಬೇಕಾಗುತ್ತದೆ. ಗರ್ಭಿಣಿಯ ವಿಷಯದಲ್ಲಿ ಒಂದು ದಿನವೂ ಮುಂದೂಡಬಾರದು. ಸೋಂಕು ಮಗುವಿಗೆ ದಾಟಿ ಗರ್ಭದಲ್ಲೇ ಸಾವಾಗಬಹುದು, ಹುಟ್ಟಿದ ಮಗುವಿನ ಅಂಗೈ ಅಂಗಾಲುಗಳಲ್ಲಿ ನೀರುಗುಳ್ಳೆಗಳೇಳಬಹುದು. ಗರ್ಭಿಣಿಗೆ ಪೆನಿಸಿಲಿನ್ ಒಂದೇ ನೆಚ್ಚಬಹುದಾದ ಔಷಧಿ. ತಾಯಿ ಕಾರ್ಡಿನಲ್ಲಿ ಮೊದಲ ಪರೀಕ್ಷೆ ನೆಗೆಟಿವ್ ಎಂದಿದ್ದರೂ ಆಮೇಲೆ ಕಲೆ ಎದ್ದರೆ ಮತ್ತೆ ಪರೀಕ್ಷಿಸಬೇಕು.

ಖಚಿತವಾದ ಮೇಲೆ

ಮೊದಲೆರಡು ಹಂತಗಳಿಗೂ ಇತ್ತೀಚಿನ ಸುಪ್ತ ಹಂತಕ್ಕೂ ಬೆಂಜಥೈನ್ ಪೆನಿಸಿಲಿನ್ 24 ಲಕ್ಷ ಯೂನಿಟ್ ಒಂದೇ ಸಲ, ಎರಡು ಪಾಲು ಮಾಡಿ ಎರಡೂ ಪಿರ್ರೆಗಳ ಸ್ನಾಯುವಿಗೆ ಕೊಡುತ್ತಾರೆ. ಬಹಳ ಹಿಂದಿನದಾದರೆ ಅಥವಾ ಎಂದಿನದೆಂದು ತಿಳಿಯದಿದ್ದರೆ ವಾರಕ್ಕೊಂದರಂತೆ ಮೂರು ವಾರ. ಅಲರ್ಜಿಯ ವಿಚಾರಣೆ ಮಾಡಿ, ಅಡ್ರಿನಲಿನ್ ಕೈಗೆಟಕುವಲ್ಲಿ ಇಟ್ಟುಕೊಂಡೇ ಚುಚ್ಚಬೇಕು. ಅಲರ್ಜಿ ಇರುವ, ಗರ್ಭಿಣಿಯಲ್ಲದವರಿಗೆ, ಸೋಂಕು ಇತ್ತೀಚಿನದಾದರೆ, ಡಾಕ್ಸಿಸೈಕ್ಲಿನ್ 100 ಮಿಲಿಗ್ರಾಂ ದಿನಕ್ಕೆರಡು ಬಾರಿ 14 ದಿನ. ಇಂಜೆಕ್ಷನ್ ಆದ ದಿನ ರಾತ್ರಿ ಚಳಿಜ್ವರ ಬಂದು ಕಲೆಗಳು ಇನ್ನಷ್ಟು ಕೆಂಪಾಗಬಹುದು ಎಂದು ಮೊದಲೇ ಹೇಳಿಡಬೇಕು; ಇದು ಬ್ಯಾಕ್ಟೀರಿಯಾ ಸಾಯುವಾಗಿನ ಪ್ರತಿಕ್ರಿಯೆ, 24 ಗಂಟೆಯೊಳಗೆ ಇಳಿಯುತ್ತದೆ. ಹೇಳದೆ ಬಿಟ್ಟರೆ ಅವರು ಅದನ್ನು ಪೆನಿಸಿಲಿನ್ ಅಲರ್ಜಿ ಎಂದುಕೊಂಡು ಮುಂದೆಂದೂ ಆ ಔಷಧಿ ಬೇಡವೆನ್ನುತ್ತಾರೆ.

ಎಚ್‌ಐವಿ ಪರೀಕ್ಷೆಯನ್ನು ಅವರ ತಿಳಿವಳಿಕೆಯ ಒಪ್ಪಿಗೆ ಪಡೆದೇ ಮಾಡಿಸಬೇಕು. 2017ರ ಎಚ್‌ಐವಿ-ಏಡ್ಸ್ ಕಾಯ್ದೆ ಹೇಳುವುದೂ ಅದನ್ನೇ. ಸಂಗಾತಿಗೂ ಪರೀಕ್ಷೆ, ಚಿಕಿತ್ಸೆ ಆಗಬೇಕು. ಕಳೆದ 90 ದಿನಗಳೊಳಗೆ ಸಂಪರ್ಕವಾಗಿದ್ದವರ ರಕ್ತ ನೆಗೆಟಿವ್ ಇದ್ದರೂ ಚಿಕಿತ್ಸೆ ಕೊಡುವುದೇ ಕ್ರಮ. ಜಿಲ್ಲಾಸ್ಪತ್ರೆಗಳ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಈ ಪರೀಕ್ಷೆ, ಸಮಾಲೋಚನೆ, ಔಷಧಿ ಉಚಿತವಾಗಿ ಸಿಗುತ್ತವೆ ಎಂಬುದನ್ನು ಹಳ್ಳಿಯಿಂದ ಬಂದವರಿಗೆ ತಪ್ಪದೆ ಹೇಳಿ.

ಗುಣವಾಯಿತೇ ಎಂದು ತಿಳಿಯಲು ಆರನೆಯ ಹಾಗೂ ಹನ್ನೆರಡನೆಯ ತಿಂಗಳಲ್ಲಿ ವಿಡಿಆರ್‌ಎಲ್ ಪ್ರಮಾಣವನ್ನು, ಅದೇ ಪರೀಕ್ಷೆಯಿಂದ, ಆದಷ್ಟೂ ಅದೇ ಪ್ರಯೋಗಾಲಯದಲ್ಲಿ ನೋಡಬೇಕು. ವಿಡಿಆರ್‌ಎಲ್ ಅಂಕಿಯನ್ನು ಆರ್‌ಪಿಆರ್ ಅಂಕಿಯೊಂದಿಗೆ ಹೋಲಿಸಬಾರದು. ಪ್ರಮಾಣ ನಾಲ್ಕು ಪಟ್ಟು, ಅಂದರೆ 1:32 ಇದ್ದದ್ದು 1:8ಕ್ಕೆ, ಇಳಿದರೆ ಚಿಕಿತ್ಸೆ ಫಲಿಸಿದೆ. ಇಳಿದದ್ದು ಮತ್ತೆ ನಾಲ್ಕು ಪಟ್ಟು ಏರಿದರೆ ಹೊಸ ಸೋಂಕು ಅಥವಾ ಸೋತ ಚಿಕಿತ್ಸೆ. ಅಡುಗೆಯ ಯುವಕರು ಆರನೆಯ ತಿಂಗಳಲ್ಲಿ ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ಅವರ 1:128 ಆಗ 1:16ಕ್ಕೆ ಇಳಿದಿತ್ತು. ಹೆಂಡತಿಗೆ ಮೈಮೇಲೆ ಒಂದೂ ಕಲೆ ಇರಲಿಲ್ಲ. ಚಿಕಿತ್ಸೆಗೆ ಮೊದಲು ಆಕೆಯ ರಕ್ತದಲ್ಲಿ 1:64 ಇತ್ತು.